ವಾರಿಜಕ್ಕ ಮತ್ತು ಕ್ಲಚ್ಚಿನೊಳಗಿನ ಗಾಳಿ

ಕಾರು ಹತ್ತಿದ ಕೂಡಲೇ ವಾರಿಜಕ್ಕ ಎಡಗಾಲಿನ ಚಪ್ಪಲಿ ಕಳಚಿ ಹಿಂದಿನ ಸೀಟಿನ ಕೆಳಗೆ ಎಸೆಯುತ್ತಿದ್ದರು. ಬಲಗಾಲಿನದು ಹಾಗೇ ಇರುತ್ತಿತ್ತು. ಕಾಪು ಪೇಟೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ, ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು ಒಂದೇ ಕಾಲಿಗೆ ಚಪ್ಪಲಿ ಹಾಕಿ ಕೂತಿರುವುದನ್ನು ಕಂಡು ಕಲಿಯಲು ಬಂದವರು ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. “ಬ್ರೇಕಿಗೆ ಬಲ ಇದ್ರೆ ಸಾಕು. ಕ್ಲಚ್ ಎಲ್ಲಿ ಹಿಡೀತದೆ ಅಂತ ಪಾದಕ್ಕೇ ಗೊತ್ತಾಗ್ಬೇಕು” ಎನ್ನುತ್ತಿದ್ದರು.

ನಾನು ಗದಗ ಕಡೆಯವಳು. ಮದುವೆಯಾಗಿ ಇನ್ನಂಜೆಗೆ ಬಂದು ವರ್ಷಗಳು ಕಳೆದರೂ ತುಳು ಅರ್ಥವಾಗುತ್ತಿತ್ತೇ ಹೊರತು ನಾಲಿಗೆಗೆ ಬಂದಿರಲಿಲ್ಲ. ವಾರಿಜಕ್ಕ ನನಗಾಗಿ ಕನ್ನಡದಲ್ಲೇ ಪಾಠ ಹೇಳುತ್ತಿದ್ದರು; ಬೈಯುವಾಗ ಮಾತ್ರ ತುಳುವಿಗೆ ಇಳಿಯುತ್ತಿದ್ದರು. ಹಾಗಾಗಿ ತುಳುವಿನಲ್ಲಿ ನನಗೆ ಮೊದಲು ಬಂದದ್ದು ಬೈಗುಳ. ಲೈಸೆನ್ಸ್ ಸಿಕ್ಕಿದ ಮೇಲೆ ನಾನು ಕಾರು ಮುಟ್ಟಲೇ ಇಲ್ಲ. ನನ್ನ ಗಂಡ, ಇವರು, ಇದ್ದರಲ್ಲ, ಅವರೇ ಓಡಿಸುತ್ತಿದ್ದರು.

ಆಮೇಲೆ ಒಂದು ಮಳೆಗಾಲದಲ್ಲಿ ಇವರು ಹೋದರು. ಬೆಳಿಗ್ಗೆ ಅಂಗಳದಲ್ಲಿ ಮಾತಾಡುತ್ತಿದ್ದವರು ಮಧ್ಯಾಹ್ನಕ್ಕೆ ಇರಲಿಲ್ಲ. ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿಕೊಟ್ಟೆ. ಲೋಟ ತೊಳೆದೆ. ಯಾರೋ ಕಾರಿಗೆ ಟಾರ್ಪಾಲು ಹೊದಿಸಿದರು, ಅದು ಹಾಗೇ ನಿಂತಿತು.

ಆದರೆ ಅತ್ತೆಗೆ ಡಯಾಲಿಸಿಸ್ ಇತ್ತು. ವಾರಕ್ಕೆರಡು ಬಾರಿ ಮಣಿಪಾಲಕ್ಕೆ ಹೋಗಲೇಬೇಕು. ಮೊದಮೊದಲು ನೆಂಟರು ಸರದಿ ಹಾಕಿಕೊಂಡು ಕರೆದೊಯ್ದರು. ಅವರಿಗೂ ಅವರವರ ಕೆಲಸ. ಸರದಿ ತಪ್ಪಿದ ಒಂದು ದಿನ ನಾನೇ ಟಾರ್ಪಾಲು ತೆಗೆದು ಕಾರಿನಲ್ಲಿ ಕೂತೆ. ಕ್ಲಚ್ ಒತ್ತಿದೆ. ಪೆಡಲ್ ಸುಮ್ಮನೆ ನೆಲಕ್ಕೆ ಹೋಯಿತು, ಮೇಲೆ ಬರಲಿಲ್ಲ. ಅದನ್ನೇ ನೋಡುತ್ತಾ ಕೂತುಬಿಟ್ಟೆ. ಜಗಲಿಯಲ್ಲಿ ಆಸ್ಪತ್ರೆಯ ಚೀಲ ಹಿಡಿದು ಕೂತಿದ್ದ ಅತ್ತೆ ಕಾದು ಕಾದು ರಿಕ್ಷಾ ಕರೆಸಿದರು. ವಾರಿಜಕ್ಕನಿಗೆ ಫೋನ್ ಮಾಡಿದ್ದೂ ಅತ್ತೆಯೇ.

ಮರುದಿನ ವಾರಿಜಕ್ಕ ನೈಟಿಯ ಮೇಲೆ ಗಂಡಸರ ಅಂಗಿ ತೊಟ್ಟು, ಸ್ಪ್ಯಾನರ್‌ಗಳ ಡಬ್ಬಿಯೊಂದಿಗೆ ಬಂದರು. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಪೆಡಲನ್ನು ಕೈಯಿಂದ ಎತ್ತಿ, ಒತ್ತಿ ನೋಡಿದರು. “ಕೆಳಗಿನ ವಾಶರ್ ಹೋಗಿದೆ. ಎಣ್ಣೆ ಸೋರಿ ಗಾಳಿ ಹೊಕ್ಕಿದೆ. ಇದರಲ್ಲಿ ಕೇಬಲ್ ಇಲ್ಲ ಮಾರಾಯ್ತಿ, ಎಣ್ಣೆಯೇ ತಳ್ಳುವುದು. ಗಾಳಿ ಇದ್ರೆ ನೀನು ಎಷ್ಟು ಒತ್ತಿದ್ರೂ ಆಚೆಗೆ ಮುಟ್ಟುದಿಲ್ಲ.”

“ನಿಮಗೆ ಇದೆಲ್ಲ ಹ್ಯಾಂಗ ಗೊತ್ತು?” ಎಂದೆ.

“ಕಲಿಯುವವರ ಕಾಲಿಗೆ ಸಿಕ್ಕಿದ ಕ್ಲಚ್ಚಿಗೆ ಆಯುಷ್ಯ ಉಂಟಾ? ಪ್ರತಿ ಸಲ ಗ್ಯಾರೇಜಿಗೆ ಓಡಿದ್ರೆ ಸ್ಕೂಲ್ ಮುಚ್ಚಬೇಕಷ್ಟೆ. ನೀನು ಕಾರು ಹತ್ತು. ಇದು ಒಬ್ಬರಿಂದ ಆಗುವ ಕೆಲಸ ಅಲ್ಲ.”

ವಾಶರ್ ಬದಲಾಯಿಸಿ, ಕೆಳಗಿನ, ಗಾಳಿ ಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿ ಇಳಿಬಿಟ್ಟು ಅವರು ಕಾರಿನಡಿ ಮಲಗಿದರು. ನಾನು ಪೆಡಲಿನ ಮೇಲೆ ಕಾಲಿಟ್ಟು ಕೂತೆ. ಅವರು ನನಗೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಬರುತ್ತಿತ್ತು.

“ಒತ್ತು. ಹಿಡಿ.”

ನಾನು ಒತ್ತಿ ಹಿಡಿದೆ.

“ಹಿಡಿದಿದ್ದೀಯಾ? ಬಾಯಲ್ಲಿ ಹೇಳು. ನನಗೆ ನಿನ್ನ ಕಾಲು ಕಾಣ್ತದಾ ಇಲ್ಲಿ?”

“ಹಿಡಿದೇನಿ.”

ನಿಪ್ಪಲ್ ಸಡಿಲಿಸುತ್ತಿದ್ದರು. ಚಹಾದ ಬಣ್ಣಕ್ಕೆ ತಿರುಗಿದ್ದ ಹಳೆಯ ಎಣ್ಣೆ ಗುಳ್ಳೆಗಳ ಜೊತೆ ಬಾಟಲಿಗೆ ಬೀಳುತ್ತಿತ್ತು. ನಿಪ್ಪಲ್ ಮತ್ತೆ ಬಿಗಿ ಮಾಡಿದ ಮೇಲೆಯೇ “ಬಿಡು” ಎನ್ನುತ್ತಿದ್ದರು. ನಡುನಡುವೆ ಎದ್ದು ಬಂದು ಬಾನೆಟ್ಟಿನಡಿಯ ಡಬ್ಬಿಗೆ ಹೊಸ ಎಣ್ಣೆ ಹೊಯ್ಯುತ್ತಿದ್ದರು. ನನ್ನ ಕಾಲು ನನ್ನದೇ ಎಂದು ಅನಿಸುತ್ತಿರಲಿಲ್ಲ. ಒಮ್ಮೆ ಅವರು ಹೇಳುವ ಮೊದಲೇ ಬಿಟ್ಟುಬಿಟ್ಟೆ. ಹೊರಟಿದ್ದ ಗಾಳಿ ಮತ್ತೆ ಒಳಗೆ ಹೋಯಿತು. ಕಾರಿನಡಿಯಿಂದ ಶುದ್ಧ ತುಳು ಕೇಳಿಬಂತು. ಇವರು ಹೋದ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ; ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

“ಪುನಃ ಮೊದಲಿಂದ. ಒತ್ತು.”

ಒತ್ತಿದೆ. ಹಿಡಿದೇನಿ. ಬಿಟ್ಟೆ. ಅಷ್ಟು ದಿನಗಳಲ್ಲಿ ನಾನು ಅಷ್ಟು ಸಲ ಬಾಯಿ ತೆರೆದದ್ದು ಅಂದೇ. ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಗುಳ್ಳೆ ನಿಂತು ಪೈಪಿನಲ್ಲಿ ತಿಳಿಯಾದ ಎಣ್ಣೆ ಮಾತ್ರ ಹರಿಯಿತು. ಪೆಡಲ್ ಪಾದವನ್ನು ಗಟ್ಟಿಯಾಗಿ ಹಿಂದಕ್ಕೆ ತಳ್ಳಿತು. ಜಗಲಿಯಿಂದ ಅತ್ತೆ “ಆಂಡಾ?” ಎಂದರು. ಆಯಿತು ಎಂದೆ.

ಮೊದಲ ಸಲ ಮಣಿಪಾಲಕ್ಕೆ ಹೋಗುವಾಗ ವಾರಿಜಕ್ಕ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ ಕೂತಿದ್ದರು. ಉಡುಪಿ ದಾಟಿ ಏರು ಹತ್ತುವಲ್ಲಿ ಕಾರು ನಿಂತುಹೋಯಿತು. ಹಿಂದೆ ಸಿಟಿ ಬಸ್ಸು ಬಿಡದೆ ಹಾರ್ನ್ ಬಾರಿಸಿತು. ವಾರಿಜಕ್ಕ ಬಾಗಿಲು ತೆರೆದು ಇಳಿದು ಬಸ್ಸಿನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತರು. “ಅವಳು ಹೋಗದೆ ನೀನು ಹೋಗ್ಲಿಕ್ಕಿಲ್ಲ” ಎಂದು ಡ್ರೈವರನಿಗೆ ಕನ್ನಡದಲ್ಲೇ ಹೇಳಿದರು, ನನಗೂ ಕೇಳಲಿ ಎಂದಿರಬೇಕು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಸ್ಟಾರ್ಟ್ ಮಾಡಿ, ಕ್ಲಚ್ ಮೆಲ್ಲಗೆ ಬಿಡುತ್ತಾ ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಏರಿತು. ಏರುವ ಕಾರನ್ನು ಮತ್ತೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ; ಅವರನ್ನು ಅಲ್ಲೇ ಬಿಟ್ಟು ಆಸ್ಪತ್ರೆ ಮುಟ್ಟಿದೆ. ಸ್ವಲ್ಪ ಹೊತ್ತಿನಲ್ಲಿ ವಾರಿಜಕ್ಕ ಅದೇ ಬಸ್ಸಿನಿಂದ ಇಳಿದು ಬಂದರು. “ಒಳ್ಳೆಯ ಹುಡುಗ ಆ ಡ್ರೈವರ್. ಸೀಟು ಮಾಡಿಕೊಟ್ಟ” ಎಂದರು. ಅತ್ತೆ ಬಹಳ ದಿನಗಳ ನಂತರ ನಕ್ಕರು. ಮತ್ತೆ ವಾರಿಜಕ್ಕ ನನ್ನ ಜೊತೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ವಾರಿಜಕ್ಕ ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ, ನಿದ್ದೆಯಲ್ಲೇ. ಮದುವೆಯಾಗಿರಲಿಲ್ಲ, ಹಿರಿಯಡ್ಕದಲ್ಲಿದ್ದ ಅಣ್ಣನ ಮನೆಗೆ ತಂದಿದ್ದರು. ನಾನು ಕಾರಿನಲ್ಲಿ ಹೋದೆ. ಮನೆಗೆ ಹೋಗುವ ಇಕ್ಕಟ್ಟಿನ ಮಣ್ಣುದಾರಿಯ ಉದ್ದಕ್ಕೂ ಕಾರುಗಳು ಒಂದರ ಹಿಂದೊಂದು ನಿಂತಿದ್ದವು. ಎಲ್ಲದರಿಂದ ಹೆಂಗಸರೇ ಇಳಿಯುತ್ತಿದ್ದರು. ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ; ಎಲ್ಲರೂ ಅವರ ಹತ್ತಿರ ಕಲಿತವರು. ಅಂಗಳದಲ್ಲಿ ಅವರನ್ನು ನೋಡಿದೆ. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಎನಿಸಿತು. ಅಂದೂ ಅಳು ಬರಲಿಲ್ಲ.

ಸ್ಮಶಾನಕ್ಕೆ ಒಯ್ಯುವ ವ್ಯಾನು ಹೊರಡಲು ದಾರಿಯಿರಲಿಲ್ಲ. ಅವರ ಅಣ್ಣ ಬಂದು ಕೈಮುಗಿದರು: “ಕಾರುಗಳನ್ನು ಸ್ವಲ್ಪ ತೆಗೀಬೇಕಿತ್ತು. ಗಂಡಸರು ಯಾರಾದ್ರೂ ಇದ್ರೆ—”

ನಾವೆಲ್ಲ ಎದ್ದು ಹೋಗಿ ಸ್ಟಾರ್ಟ್ ಮಾಡಿದೆವು. ತಿರುಗಿಸಲು ಜಾಗವಿಲ್ಲದ ದಾರಿ, ಒಂದು ಕಡೆ ಆವರಣದ ಕಲ್ಲು, ಇನ್ನೊಂದು ಕಡೆ ನೀರು ಹರಿಯುವ ತೋಡು. ಕೊನೆಯಲ್ಲಿ ನಿಂತವಳು ಮೊದಲು, ಅವಳ ಹಿಂದೆ ಮತ್ತೊಬ್ಬಳು, ಹೀಗೆ ಸಾಲಿಗೆ ಸಾಲೇ ಹಿಮ್ಮುಖವಾಗಿ ಡಾಮರು ರಸ್ತೆಯವರೆಗೆ ಸರಿಯಿತು. ಯಾರ ಕಾರೂ ನಿಂತುಹೋಗಲಿಲ್ಲ. ವ್ಯಾನು ನಮ್ಮ ಮುಂದೆಯೇ ಡಾಮರು ರಸ್ತೆಗೆ ಹೊರಳಿ ಹೋಯಿತು.