ಹವಾಲ್ದಾರರ ಸುಟ್ಟ ಬೆರಳು

ದೇವಳಾಲಿ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಹವಾಲ್ದಾರರೂ ನಾನೂ ರೈಫಲ್ ಸ್ಪರ್ಧೆಗೆ ಹೋಗುವವರು. ಹಾರಿಸಿದ ತೋಟಾದ ಹಿತ್ತಾಳೆ ಕೇಸಿಗೇ ಇಬ್ಬರೂ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಿದ್ದೆವು. ನನ್ನವುಗಳ ಬಾಯಿ ನಾಲ್ಕನೇ ಸಲಕ್ಕೇ ಸೀಳಿಹೋಗುತ್ತಿತ್ತು. ಅವರವು ಹತ್ತು ಸಲ ಬಾಳುತ್ತಿದ್ದವು. “ಹಿತ್ತಾಳಿಗೂ ದಣಿವಾಗ್ತದರೀ, ಕಾಸಿದ್ರ ಮೆತ್ತಗಾಗ್ತದ” ಎನ್ನುತ್ತ, ಖಾಲಿ ಕೇಸಿನ ಬುಡವನ್ನು ಬರಿಬೆರಳಲ್ಲಿ ಹಿಡಿದು, ಬಾಯಿಯನ್ನು ಉರಿಯಲ್ಲಿ ತಿರುಗಿಸುವರು. ಬೆರಳು ಚುರ್ರೆಂದ ಕೂಡಲೇ ನೀರಿಗೆ ಬಿಡುವರು. ಅಷ್ಟೇ ಅವರ ಅಳತೆ. ಲೋಹ ಪರೀಕ್ಷೆಯೇ ನೌಕರಿಯಾದ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಒಂದು ಕೇಸು ಕೊಟ್ಟು, “ನಿಮ್ಮ ಮಷೀನ್‌ದಾಗ ನೋಡ್ರಿ ಸಾಹೇಬ್ರ, ಬರೋಬರ್ ಅದ ಏನು?” ಎಂದರು. ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮರುದಿನ ಗೇಟಿನಲ್ಲೇ ಕಾಯುತ್ತಿದ್ದವರಿಗೆ, “ನಡೀತದ್ರಿ, ಅಷ್ಟಕ್ಕಷ್ಟೇ” ಎಂದೆ.

ಸುಟ್ಟ ಬೆರಳುಗಳನ್ನು ನೋಡಿಕೊಂಡು, “ಹಂಗಾದ್ರ ಇನ್ನೂ ಕಲೀಬೇಕ್ರಿ” ಎಂದರು.