ಸಿಕ್ಕಿದ್ದೆಲ್ಲ ಆರಿಸಿದ ಹೊಲ

ನಿವೃತ್ತಿಯ ಹಿಂದಿನ ವರ್ಷ ನಾನು ಸೊರಬ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಮೆಕ್ಕೆಜೋಳದ ಕಟಾವು ಮುಗಿದಿತ್ತು. ಹೊಸಬಾಳೆ ಕಡೆಯ ರೈತ ರುದ್ರಪ್ಪ ಫೋನ್ ಮಾಡಿ, ಕಟಾವಾದ ಹೊಲದಲ್ಲಿ ಮೇಯಲು ಬಿಟ್ಟ ಗಬ್ಬದ ಹಸುವಿನ ಬಾಯಿಗೆ ಏಟಾಗಿದೆ ಎಂದ. ಹೋಗಿ ನೋಡಿದರೆ ಕೆಳದವಡೆಯೇ ಇರಲಿಲ್ಲ. ಸಿಡಿಮದ್ದಿನ ವಾಸನೆ ಮೂಗಿಗೆ ಹೊಡೆಯಿತು. ಹೊಲಿಯಲು ಏನೂ ಉಳಿದಿರಲಿಲ್ಲ. ಇಂಜೆಕ್ಷನ್ ಕೊಟ್ಟು ಅದರ ನೋವು ಮುಗಿಸಿದೆ. ಹೊಟ್ಟೆಯೊಳಗಿನ ಕರು ಸ್ವಲ್ಪ ಹೊತ್ತು ಮಿಸುಕಾಡಿತು.

ಅದು ಕಾಡುಹಂದಿಗೆ ಇಡುವ ಸಿಡಿಮದ್ದಿನ ಉಂಡೆ. ಮೇಲೆ ಕೊಬ್ಬು ಮೆತ್ತಿ ಬೆಳೆಯ ನಡುವೆ ಇಡುತ್ತಾರೆ, ಕಚ್ಚಿದರೆ ಸಿಡಿಯುತ್ತದೆ. ಕಾನೂನು ಒಪ್ಪುವುದಿಲ್ಲ, ಆದರೂ ಇಡುತ್ತಾರೆ.

“ಹಂದಿಗೆ ಇಟ್ಟದ್ದು ಸಾರ್. ಕಟಾವಿಗೆ ಮುಂಚೆ ಎಲ್ಲ ಆರಿಸಿದ್ದೆ,” ಎಂದ ರುದ್ರಪ್ಪ.

“ಎಲ್ಲ ಅಂದ್ರೆ?”

“ಸಿಕ್ಕಿದ್ದೆಲ್ಲ. ಕೆಲವು ಮಳೆನೀರಿಗೆ ಎಲ್ಲೋ ಹೋಗಿದ್ವು.”

ನನ್ನ ಪಿತ್ತ ನೆತ್ತಿಗೇರಿತು. ಗೊಬ್ಬರವಾಗಲಿ ಎಂದು ಅವನೇ ಕರೆಸಿದ ಕುರಿ ಮಂದೆ ಅದೇ ಹೊಲದಲ್ಲಿ ಮೇಯುತ್ತಿತ್ತು. ಕುರಿಗಾರ ಬೀರಪ್ಪ ನಡುವೆ ನಿಂತಿದ್ದ. ಬದುವಿನ ಜಾಲಿಮರಕ್ಕೆ ಅವನ ಹೆಂಡತಿ ಕೂಸಿನ ಜೋಲಿ ಕಟ್ಟಿದ್ದಳು.

“ಹೋಗಿ ಹೇಳ್ರೀ ಅವನಿಗೆ.”

“ಕೇಸಾಗುತ್ತೆ ಸಾರ್.”

“ಆಗ್ಲಿ.”

ಅವನು ಕದಲಲಿಲ್ಲ. ನಾನೇ ಕೂಗಿ ಹೇಳಿದೆ, ಪೊಲೀಸರಿಗೂ ಫೋನ್ ಮಾಡಿದೆ.

ಬೀರಪ್ಪ ಓಡಲಿಲ್ಲ. ತಾನು ಬಂದ ಜಾಡಿನಲ್ಲೇ ಹಿಂದಿರುಗುತ್ತಾ ಕುರಿಗಳನ್ನು ಕರೆದ. ಅವು ಒಂದರ ಹಿಂದೊಂದು ಬಂದವು. ಹೆಂಡತಿ ಕೂಸನ್ನು ಅವುಚಿಕೊಂಡು ರಸ್ತೆ ಸೇರಿದಳು. ಮಂದೆ ಕಾಯುವ ನಾಯಿ ಮಾತ್ರ ಜಾಲಿಮರದ ಬುಡದಲ್ಲಿ ಏನೋ ಮೂಸುತ್ತಾ ನಿಂತಿತು. ಬೀರಪ್ಪ ಮತ್ತೆ ಮತ್ತೆ ಕರೆದ. ಢಮ್ ಎಂದಿತು. ಖಾಲಿ ಜೋಲಿ ತೂಗುತ್ತಲೇ ಇತ್ತು.

ಬೀರಪ್ಪ ರುದ್ರಪ್ಪನ ಎದುರು ಬಂದು ನಿಂತ.

“ಹಂದಿ ಎಷ್ಟು ಸತ್ವು, ಗೌಡ್ರೇ?”

“ಒಂದೂ ಇಲ್ಲ,” ಎಂದ ರುದ್ರಪ್ಪ, ತಲೆ ಎತ್ತದೆ.

ಪೊಲೀಸರು ಹುಡುಕಿ ಇನ್ನೂ ಕೆಲವು ಉಂಡೆ ತೆಗೆದರು. ಇನ್ನು ಇಲ್ಲವೇ ಇಲ್ಲ ಎಂದು ಬರೆದುಕೊಡಲು ಯಾರೂ ಒಪ್ಪಲಿಲ್ಲ. ಆ ವರ್ಷ ಹೊಲ ಉಳಲು ಟ್ರ್ಯಾಕ್ಟರ್‌ನವರು ಬರಲಿಲ್ಲ.

ಈಗ ಟಿ.ವಿ.ಯಲ್ಲಿ ಕ್ಲಸ್ಟರ್ ಬಾಂಬಿನ ಚರ್ಚೆ ಬರುತ್ತದೆ. ಒಂದು ದೊಡ್ಡ ಬಾಂಬಿನ ಹೊಟ್ಟೆಯಲ್ಲಿ ರಾಶಿ ಸಣ್ಣ ಬಾಂಬು. ಸಿಡಿಯದೆ ಉಳಿದವು ಹೊಲಗದ್ದೆಗಳಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಸೈನಿಕರ ಮೇಲಷ್ಟೇ ಹಾಕುತ್ತೇವೆ ಎನ್ನುತ್ತಾರೆ ಕೋಟು ತೊಟ್ಟವರು. ಹಂದಿಗೆ ಇಟ್ಟದ್ದು ಸಾರ್, ಎಂದೇ ನನಗೆ ಕೇಳುತ್ತದೆ. ಯುದ್ಧ ಮುಗಿದ ಮೇಲೆ ಎಲ್ಲ ತೆಗೆಯುತ್ತೇವೆ ಎಂದೂ ಹೇಳುತ್ತಾರೆ. ಎಲ್ಲ ಅಂದ್ರೆ ಏನು ಎಂಬುದನ್ನು ನನಗೆ ಆ ಹೊಲ ಕಲಿಸಿತು: ಸಿಕ್ಕಿದ್ದೆಲ್ಲ.