ಮಾವನ ಕಣ್ಣಿನ ಬಗ್ಗೆ ನಾನಾಡಿದ ಮಾತು

ಕಳೆದ ಪಂಚಾಯತ್ ಚುನಾವಣೆಯಲ್ಲಿ ಮಂಡೆಕೋಲಿನ ನಮ್ಮ ವಾರ್ಡಿನಿಂದ ನನ್ನ ತಂಗಿ ನಿಂತಿದ್ದಳು. ಎದುರಾಳಿ ನಮ್ಮ ನೆರೆಮನೆಯ ಹಿರಿಯರು. ಹಿಂದೆಯೂ ಸದಸ್ಯರಾಗಿದ್ದವರು, ಊರಿಗೆಲ್ಲ ಮಾವ. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು, ಈಗ ಜಾಲ್ಸೂರಿನಲ್ಲಿ ರಿಕ್ಷಾ ಓಡಿಸುವವನು. ಗಂಟಲು ದೊಡ್ಡದೆಂದು ತಂಗಿ ನನ್ನ ಕೈಗೆ ಮೈಕ್ ಕೊಟ್ಟಳು.

"ಮೊದಲು ಮಾವ ಮಾಡಿದ ಕೆಲಸ ಹೇಳುದು," ಎಂದು ಕಲಿಸಿದಳು. "ರಸ್ತೆ ತಂದದ್ದು ಅವರೇ ಅಲ್ವಾ? ಆಮೇಲೆ, ನೀರಿನ ಕೆಲಸ ಬಾಕಿ ಉಂಟು, ಅದನ್ನು ನಾವು ಮಾಡ್ತೇವೆ ಅಂತ ಹೇಳು. ಅವರು ಮಾಡ್ಲಿಲ್ಲ ಅಂತ ಹೇಳ್ಬೇಡ. ನಾಳೆ ಅವರ ಜಗಲಿಯಲ್ಲೇ ಕೂರ್ಬೇಕು ನಾವು."

ಎರಡು ಮನೆಗಳ ಅಂಗಳದಲ್ಲಿ ನಡೆದ ಸಭೆಗಳಲ್ಲಿ ಹಾಗೆಯೇ ಹೇಳಿದೆ. ಜನ ಆಕಳಿಸಿದರು. ಮೂರನೆಯದರಲ್ಲಿ ತಡೆಯಲಾಗಲಿಲ್ಲ.

"ಬಾವಿ ಬತ್ತಿದ್ದು ಅವರಿಗೆಲ್ಲಿ ಕಾಣುದು? ಎರಡು ಕಣ್ಣಿಗೂ ಪೊರೆ ಬಂದುಂಟು!"

ಮಾವನಿಗೆ ನಿಜವಾಗಿಯೂ ಪೊರೆ ಬಂದಿತ್ತು. ಅಂಗಳವಿಡೀ ನಕ್ಕಿತು. ಆ ನಗು ನನಗೆ ರುಚಿಸಿತು.

ತಂಗಿ ಮೈಕ್ ಕಸಿದುಕೊಂಡು ಕೈಮುಗಿದಳು. "ಅಣ್ಣ ಹೇಳಿದ್ದು ತಪ್ಪು. ಎಲ್ಲರೂ ಕ್ಷಮಿಸಬೇಕು."

ಊರೆದುರು ಮಾನ ಹೋಯಿತೆಂದು ನಾನು ರಿಕ್ಷಾ ಹತ್ತಿ ಹೊರಟೇಬಿಟ್ಟೆ. ಉಳಿದ ಸಭೆಗಳಿಗೆ ಅವಳು ನಡೆದುಕೊಂಡೇ ಹೋದಳಂತೆ. ಕೆಲವೇ ಮತಗಳಿಂದ ಸೋತಳು. ಸೋತದ್ದು ನನ್ನ ಬಾಯಿಂದಲೇ ಎಂದು ಅನಿಸಿದರೂ ತಿಂಗಳುಗಟ್ಟಲೆ ಅವಳ ಮನೆಗೆ ಕಾಲಿಡಲಿಲ್ಲ.

ಮೊನ್ನೆ ಮಾವ ನನ್ನ ರಿಕ್ಷಾ ಹತ್ತಿದರು. ಸುಳ್ಯಕ್ಕೆ, ಕಣ್ಣಿನ ಡಾಕ್ಟರ ಹತ್ತಿರ. ಅರ್ಧ ದಾರಿಯಲ್ಲಿ ಧೈರ್ಯ ಮಾಡಿದೆ.

"ಮಾವ, ಅವತ್ತು ನಾನು ಹಾಗೆ ಹೇಳಬಾರದಿತ್ತು."

"ಎಂತ ಮಾರಾಯ, ಈಗ ನೆನಪಾದದ್ದಾ? ನಿನ್ನ ತಂಗಿ ಮರುದಿನ ಬೆಳಿಗ್ಗೆಯೇ ಬಂದಿದ್ಲು. ಅಣ್ಣನಿಗೆ ಬೈಬೇಡಿ, ಅವ ನನಗೋಸ್ಕರ ಹೇಳಿದ್ದು ಅಂದ್ಲು. ನಾನೆಂತ ಬೈಯುದು? ಪೊರೆ ಇದ್ದದ್ದು ಹೌದಲ್ಲ!" ಎಂದು ನಕ್ಕರು. "ಮುಂದೆ ನೋಡಿ ರಿಕ್ಷಾ ಬಿಡು. ಇದರಲ್ಲಿ ಕಣ್ಣು ಕಾಣುವವ ನೀನೊಬ್ಬನೇ ಇರುದು."

ನನಗೂ ನಗು ಬಂತು. ಎಷ್ಟೋ ದಿನಗಳ ನಂತರ ಉಸಿರು ಸಲೀಸಾಗಿ ಆಡಿತು. ಆದರೆ ನಾನು ಹೇಳಿದ್ದು ತಂಗಿಗೋಸ್ಕರ ಅಲ್ಲ, ಜನ ನಗಲೆಂದು. ಅದು ಅವಳಿಗೂ ಗೊತ್ತಿತ್ತು.

ಮಾವನನ್ನು ಮನೆಗೆ ಬಿಟ್ಟು ನೇರ ಅವಳಲ್ಲಿಗೆ ಹೋದೆ. ಬಟ್ಟೆ ಒಣಗಿಸುತ್ತಿದ್ದಳು.

"ತಂಗಿ, ನನ್ನಿಂದಲೇ ನೀನು..."

"ಭಾಷಣ ಬೇಡ ಅಣ್ಣ. ಊಟ ಆಯ್ತಾ?"

ಸುಳ್ಯದ ಹೋಟೆಲಿನಲ್ಲಿ ಮಾವನೊಂದಿಗೆ ಹೊಟ್ಟೆ ತುಂಬ ಉಂಡಿದ್ದೆ. ಇಲ್ಲ ಎಂದು ಹೇಳಿ ಕೈ ತೊಳೆಯಲು ಹೋದೆ.